ಹದಿನೈದು ವರ್ಷದ ಕಾರು, ಇಪ್ಪತ್ತು ನಿಮಿಷದ ತಪಾಸಣೆ



ನಾನು ಶಿವಮೊಗ್ಗದವನು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ. ಹಿಂಜವಡಿಯಲ್ಲಿ ಆಫೀಸು, ವಾಕಡ್‌ನಲ್ಲಿ ಮನೆ. ಕೆಲಸ ಸಾಫ್ಟ್‌ವೇರ್. ಎಂಟೆಕ್ ಮಾಡಿದ್ದೂ ಕಂಪ್ಯೂಟರ್ ಸೈನ್ಸಿನಲ್ಲೇ. ಆಟೊಮೊಬೈಲ್ ಎಂಜಿನಿಯರ್ ಅಲ್ಲ, ಮೆಕ್ಯಾನಿಕ್ ಅಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತು ನಾನು ಮಾತಾಡೋದು ಹಳೇ ಕಾರಿನ ಬಗ್ಗೆ.

ಒಂದು ಸಣ್ಣ ಪ್ರಶ್ನೆ. ಇಲ್ಲಿ ಎಷ್ಟು ಜನರ ಹತ್ತಿರ ಹತ್ತು ವರ್ಷಕ್ಕಿಂತ ಹಳೆಯ ಕಾರಿದೆ? ಕೈ ಎತ್ತಿ. ಸರಿ, ಪರವಾಗಿಲ್ಲ, ಸುಮಾರು ಜನ ಇದ್ದೀರಿ. ಈಗ ಎರಡನೇ ಪ್ರಶ್ನೆ. ಆ ಕಾರಿನ ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ಗೊತ್ತಿರುವವರು ಮಾತ್ರ ಕೈ ಹಾಗೇ ಇಟ್ಕೊಳ್ಳಿ.

ಇಬ್ಬರು. ಹೋದ ವರ್ಷ ಆಗಸ್ಟ್‌ವರೆಗೆ ನಾನೂ ಕೈ ಇಳಿಸಿದವರ ಗುಂಪಿನಲ್ಲೇ ಇದ್ದೆ.

ಅಪ್ಪನ ಕಾರು

ನಮ್ಮದು ಬೆಳ್ಳಿ ಬಣ್ಣದ ಒಂದು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅಪ್ಪ 2010ರ ದಸರಾದಲ್ಲಿ ತಗೊಂಡಿದ್ದು. ಕೆಎ 14 ನಂಬರು. ಅಪ್ಪನಿಗೆ ಕಣ್ಣಿನ ತೊಂದರೆ ಶುರುವಾದ ಮೇಲೆ, 2021ರಲ್ಲಿ, "ನೀನೇ ಓಡಿಸ್ಕೋ, ನಿಂತರೆ ಹಾಳಾಗುತ್ತೆ" ಅಂತ ಕೀ ಕೊಟ್ಟರು.

ಬೇರೆ ರಾಜ್ಯಕ್ಕೆ ಗಾಡಿ ತಂದವರಿಗೆಲ್ಲ ಗೊತ್ತಿರೋ ವಿಷಯ ಇದು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ಹೊಸ ನಂಬರ್ ತಗೋಬೇಕು. ಊರಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಇಲ್ಲಿ ಫಾರ್ಮ್ 27ರಲ್ಲಿ ಅರ್ಜಿ, ಇಲ್ಲಿನ ರಸ್ತೆ ತೆರಿಗೆ. ಇದನ್ನೆಲ್ಲ 2022ರಲ್ಲಿ ಮಾಡಿದೆ. ಪಿಂಪ್ರಿ ಚಿಂಚವಡದ ನಂಬರೂ 14ೇ. ಕೆಎ 14 ಹೋಗಿ ಎಂಎಚ್ 14 ಬಂತು. ಅಪ್ಪನಿಗೆ ಬೇಜಾರಾಯ್ತು. "ಹದಿನಾಲ್ಕು ಉಳೀತಲ್ಲ ಬಿಡಿ" ಅಂತ ಸಮಾಧಾನ ಹೇಳಿದ್ದೆ.

ಹೊಸ ನಂಬರ್ ಬಂದರೆ ಗಾಡಿಗೆ ಹೊಸದಾಗಿ 15 ವರ್ಷ ಸಿಗುತ್ತೆ ಅಂತ ಕೆಲವರು ತಿಳ್ಕೊಂಡಿದ್ದಾರೆ. ಸಿಗಲ್ಲ. ಲೆಕ್ಕ ಮೊದಲ ನೋಂದಣಿಯ ದಿನದಿಂದಲೇ. ನಂಬರ್ ಬದಲಾದರೂ ವಯಸ್ಸು ಬದಲಾಗಲ್ಲ. ನಮ್ಮ ಕಾರಿಗೆ 2025ರ ಅಕ್ಟೋಬರ್‌ಗೆ 15 ತುಂಬೋದಿತ್ತು.

ನವಲೆ ಸೇತುವೆಯ ಇಳಿಜಾರು

ಅದಕ್ಕೆ ಐದು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ಬೇಸಿಗೆ ರಜೆ ಮುಗಿಸಿ ಊರಿಂದ ಪುಣೆಗೆ ಬರ್ತಾ ಇದ್ವಿ. ನಾನು, ಹೆಂಡತಿ, ಆರು ವರ್ಷದ ಮಗಳು. ಹಿಂದೆ ಅಮ್ಮ ತುಂಬಿಸಿದ್ದ ಅಕ್ಕಿ, ಮಾವಿನಹಣ್ಣು, ಹಲಸಿನ ಹಪ್ಪಳದ ಡಬ್ಬ. ಆರುನೂರು ಕಿಲೋಮೀಟರಿಗೂ ಮೀರಿದ ದಾರಿ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರ ಎಲ್ಲ ದಾಟಿ ಹೊಸ ಕಾತ್ರಜ್ ಸುರಂಗದಿಂದ ಹೊರಗೆ ಬಂದ್ರೆ ಪುಣೆಯ ದೀಪಗಳು ಕಾಣ್ತವೆ. ಮನೆ ಬಂತು ಅನ್ನೋ ಸಮಾಧಾನ. ಅಲ್ಲಿಂದಲೇ ನವಲೆ ಸೇತುವೆವರೆಗಿನ ಇಳಿಜಾರು ಶುರು.

ಪುಣೆಯವರಿಗೆ ಆ ಜಾಗದ ಬಗ್ಗೆ ಹೇಳೋದೇ ಬೇಡ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ದೊಡ್ಡ ಗಾಡಿ ನಿಯಂತ್ರಣ ತಪ್ಪಿ, ಒಂದೇ ಅಪಘಾತದಲ್ಲಿ ಹಲವಾರು ಗಾಡಿಗಳು ಜಖಂ ಆದವು. ಡೀಸೆಲ್ ಉಳಿಸೋಕೆ ಲಾರಿಗಳನ್ನು ನ್ಯೂಟ್ರಲ್‌ನಲ್ಲಿ ಇಳಿಸಬೇಡಿ ಅಂತ ಅಲ್ಲಿ ಮತ್ತೆ ಮತ್ತೆ ಹೇಳ್ತಾನೇ ಇರ್ತಾರೆ.

ನಾನು ನ್ಯೂಟ್ರಲ್‌ನಲ್ಲಿ ಇರಲಿಲ್ಲ. ಆದರೆ ನಾಲ್ಕನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀತಾ ಇದ್ದೆ. ಮುಂದೆ ಒಂದು ಲಾರಿ. ಅರ್ಧ ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಯ್ತು. ಸ್ಪಂಜ್ ಒತ್ತಿದ ಹಾಗೆ. ಇನ್ನೂ ಒತ್ತಿದೆ, ಹೆಚ್ಚು ಕಡಿಮೆ ನೆಲಕ್ಕೇ ಹೋಯ್ತು. ಕಾರು ನಿಧಾನ ಆಗಲಿಲ್ಲ. ಎರಡು ಮೂರು ಸಲ ಪಂಪ್ ಮಾಡಿದೆ, ಸ್ವಲ್ಪ ಹಿಡೀತು. ಮೂರನೇ ಗೇರ್, ಆಮೇಲೆ ಎರಡು. ಎಂಜಿನ್ ಕಿರುಚ್ತಾ ಇತ್ತು. ಹಾಗೇ ಎಡಕ್ಕೆ ಸರಿದು ಕೆಳಗೆ ಬಂದ್ವಿ. ಮಗಳು ಹಿಂದೆ ಮಲಗಿದ್ದಳು. ಹೆಂಡತಿ "ಏನಾಯ್ತು" ಅಂದಳು. "ಏನಿಲ್ಲ, ಟ್ರಾಫಿಕ್" ಅಂದೆ.

ಮಾರನೇ ದಿನ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಕಾರು ತೆಗೆದು ನೋಡಿದೆ. ಬ್ರೇಕ್ ಗಟ್ಟಿಯಾಗಿ, ಎಂದಿನ ಹಾಗೇ ಇತ್ತು. ಆಗ ನಾನು ಏನು ಮಾಡಿದೆ ಗೊತ್ತಾ? ನಾವೆಲ್ಲ ಆಫೀಸಿನಲ್ಲಿ ಮಾಡೋದನ್ನೇ ಮಾಡಿದೆ. ರಿಪ್ರೊಡ್ಯೂಸ್ ಆಗ್ತಿಲ್ಲ, ಟಿಕೆಟ್ ಕ್ಲೋಸ್.

ನೀವು ನಗ್ತಿದ್ದೀರಿ. ನನಗೂ ಈಗ ನಗು ಬರುತ್ತೆ. ಆದರೆ ಆ ಕಾರಿನಲ್ಲಿ ಅದಾದ ಮೇಲೂ ಎರಡೂವರೆ ತಿಂಗಳು ದಿನಾ ಮಗಳನ್ನು ಸ್ಕೂಲಿಗೆ ಬಿಟ್ಟಿದ್ದೀನಿ.

"ಗಾಡಿ ತರೋದೇ ಬೇಡ"

ಆಗಸ್ಟ್ ಬಂತು. ನೋಂದಣಿ ನವೀಕರಣಕ್ಕೆ ಓಡಾಟ ಶುರು ಮಾಡಿದೆ. ನಿಯಮ ಹೇಗಿದೆ ಅಂದ್ರೆ, ಟ್ಯಾಕ್ಸಿ, ಲಾರಿ, ಬಸ್ಸಿನಂಥ ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆ. ನಮ್ಮ ಸ್ವಂತ ಕಾರುಗಳಿಗೆ ಮೊದಲ 15 ವರ್ಷ ಅಂಥದ್ದೇನೂ ಇಲ್ಲ. 15 ತುಂಬಿದಾಗ ಒಂದು ಸಲ, ಆಮೇಲೆ ಐದು ವರ್ಷಕ್ಕೊಂದು ಸಲ. ನಡುವೆ ಪಿಯುಸಿ ಇದೆ ಸರಿ, ಆದರೆ ಅದು ನೋಡೋದು ಹೊಗೆಯನ್ನು ಮಾತ್ರ. ಅಂದರೆ ನಾವು ಬೆಳಿಗ್ಗೆ ಆಫೀಸಿಗೆ ಹತ್ತೋ ಕ್ಯಾಬನ್ನು ಸರ್ಕಾರ ಆಗಾಗ ನೋಡಿರುತ್ತೆ. ನಮ್ಮ ಸ್ವಂತ ಕಾರಿನ ಬ್ರೇಕನ್ನು 15 ವರ್ಷ ಯಾರೂ ನೋಡಿರಲ್ಲ. ನಾವು ನೋಡಿಸಿದರೆ ಮಾತ್ರ ಉಂಟು.

ಒಬ್ಬ ಏಜೆಂಟ್ ಸಿಕ್ಕಿದ. "ಸರ್, ನೀವು ಗಾಡಿ ತರೋದೇ ಬೇಡ, ಕಾಗದ ಕೊಡಿ ಸಾಕು, ಎಲ್ಲ ನಾನು ನೋಡ್ಕೋತೀನಿ" ಅಂದ. ಸುಳ್ಳು ಯಾಕೆ ಹೇಳಲಿ, ನಾನು ಒಪ್ಪಿಬಿಟ್ಟಿದ್ದೆ. ಸ್ಪ್ರಿಂಟ್ ಮಧ್ಯದಲ್ಲಿ ರಜೆ ಹಾಕೋದು ಯಾರಿಗೆ ಬೇಕು? ಜೆರಾಕ್ಸ್ ಎಲ್ಲ ಕೊಟ್ಟಾಯ್ತು. ಅವನು ಕೇಳಿದ್ದು ಇನ್ನೊಂದೇ: ಚಾಸಿ ನಂಬರಿನ ಒಂದು ಫೋಟೊ.

ಬಾನೆಟ್ ಎತ್ತಿದೆ. ಧೂಳು, ಜಿಡ್ಡು, ಏನೂ ಕಾಣಿಸ್ತಾ ಇಲ್ಲ. ಸೊಸೈಟಿಯ ಗೇಟಿನ ಹತ್ತಿರ ಒಬ್ಬರು ಮೇಸ್ತ್ರಿ ಗ್ಯಾರೇಜ್ ಇಟ್ಟಿದ್ದಾರೆ. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಅವರನ್ನು ಕರೆದೆ. ಬಟ್ಟೆಯಲ್ಲಿ ಒರೆಸಿ ಎರಡೇ ನಿಮಿಷದಲ್ಲಿ ನಂಬರ್ ತೋರಿಸಿದರು. ಆಮೇಲೆ ಪಕ್ಕದಲ್ಲಿದ್ದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕಡೆ ನೋಡಿ ಕೇಳಿದರು:

"ಸರ, ಇದು ಬ್ರೇಕ್ ಎಣ್ಣಿ ಏನ್ರಿ, ಕಷಾಯ ಏನ್ರಿ?"

ಹೊಸ ಬ್ರೇಕ್ ಆಯಿಲ್ ತಿಳಿ ಜೇನುತುಪ್ಪದ ಬಣ್ಣ ಇರುತ್ತೆ. ನಮ್ಮದು ಡಿಕಾಕ್ಷನ್ ಥರ ಕಪ್ಪಗಿತ್ತು. "ಯಾವಾಗ ಬದಲಿ ಮಾಡಿಸೀರಿ?" ಅಂದರು. ನಾನು ಸುಮ್ಮನಿದ್ದೆ. ಪ್ರತಿ ವರ್ಷ ಆಯಿಲ್ ಚೇಂಜ್ ಮಾಡಿಸ್ತಾ ಇದ್ದೆ, ಅದರಲ್ಲಿ ಇದೂ ಸೇರಿರುತ್ತೆ ಅಂದ್ಕೊಂಡಿದ್ದೆ. ಅದು ಎಂಜಿನ್ ಆಯಿಲ್. ಬ್ರೇಕಿನದು ಬೇರೆ. ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದರೆ, "ಕಮ್ಮಿ ಆದಾಗ ಹಾಕಿಸ್ತಾ ಇದ್ದೆನಲ್ಲ" ಅಂದರು. ಕಮ್ಮಿ ಆದಾಗ ಸೇರಿಸಿದ್ದಾರೆ, ಪೂರ್ತಿ ಬದಲಾಯಿಸಿದ್ದು ಯಾರಿಗೂ ನೆನಪಿಲ್ಲ.

ಇದರ ಹಿಂದಿರೋ ವಿಜ್ಞಾನ ಸರಳ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವಾಂಶವನ್ನು ನಿಧಾನವಾಗಿ ಹೀರ್ಕೊಳ್ಳುತ್ತೆ. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದ್ರೆ ಚಕ್ರದ ಹತ್ತಿರ ಅಷ್ಟು ಶಾಖ ಸುಲಭವಾಗಿ ಬರುತ್ತೆ. ಒಳಗಿನ ನೀರು ಆವಿಯಾಗುತ್ತೆ. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತೆ. ಅದಕ್ಕೇ ಪೆಡಲ್ ನೆಲಕ್ಕೆ ಹೋಗೋದು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತೆ, ಬೆಳಿಗ್ಗೆ ನೋಡಿದರೆ ಎಲ್ಲ ಸರಿ ಇರುತ್ತೆ.

ಟಿಕೆಟ್ ಕ್ಲೋಸ್ ಮಾಡಿದ್ದೆನಲ್ಲ, ಅದರ ರೂಟ್ ಕಾಸ್ ಇದು. ಆ ದಿನ ಸಂಜೆ ಹೆಂಡತಿಗೆ ನವಲೆ ಸೇತುವೆಯ ವಿಷಯ ಹೇಳಿದೆ. ಅವಳು ಹೇಳಿದ್ದಿಷ್ಟೇ: "ಅವತ್ತು ನೀನು ಹಾಡು ಆಫ್ ಮಾಡಿದಾಗಲೇ ನನಗೆ ಗೊತ್ತಾಗಿತ್ತು. ನೀನಾಗಿ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ಮಾರನೇ ದಿನ ಏಜೆಂಟಿಗೆ ಫೋನ್ ಮಾಡಿ ಕಾಗದ ವಾಪಸ್ ಇಸ್ಕೊಂಡೆ.

ಏನೇನು ನೋಡಿದ್ವಿ

ಮುಂದಿನ ಎರಡು ಶನಿವಾರ ಮೇಸ್ತ್ರಿಯ ಜೊತೆ ನಿಂತು ಕಾರನ್ನು ಬುಡದಿಂದ ನೋಡಿದೆ. ನಿಮಗೆ ಉಪಯೋಗ ಆಗಲಿ ಅಂತ ಕ್ರಮವಾಗಿ ಹೇಳ್ತೀನಿ.

ಮೊದಲು ಕಾಗದ. ಅವಧಿ ಮುಗಿಯೋಕೆ 60 ದಿನ ಇರುವಾಗಿನಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ. 2022ರ ಏಪ್ರಿಲ್‌ಗೆ ಮುಂಚೆ ಇದು 600 ಇತ್ತು. ತಡ ಮಾಡಿದರೆ ತಿಂಗಳಿಗೆ 500 ದಂಡ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ಆಗಿದೆ. ಇದರ ಮೇಲೆ ರಾಜ್ಯದ ಪರಿಸರ ತೆರಿಗೆ ಬೇರೆ. ವಿಮೆ, ಪಿಯುಸಿ ಚಾಲ್ತಿಯಲ್ಲಿರಬೇಕು. ಬಾಕಿ ಚಲನ್ ಇದ್ದರೆ ತೀರಿಸಿ. ಕಾರ್ ಸಾಲ ಯಾವತ್ತೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತೆ, ಫಾರ್ಮ್ 35 ಕೊಟ್ಟು ತೆಗೆಸಿ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದೆಯಾ ನೋಡಿ. ಇನ್ನೂ ಕೆಎ ನಂಬರಿನಲ್ಲೇ ಇರುವವರು ಎನ್‌ಒಸಿ ಕೆಲಸವನ್ನು ಕೊನೆಯ ತಿಂಗಳಿಗೆ ಇಟ್ಕೋಬೇಡಿ. ಎರಡು ಊರಿನ ಕಚೇರಿಗಳ ನಡುವೆ ಓಡಾಡೋಕೆ ಸಮಯ ಬೇಕು.

ದೆಹಲಿಯಿಂದ ನೋಡ್ತಿರುವವರಿಗೆ ಒಂದು ಮಾತು. ನಿಮ್ಮ ಕಡೆ ಲೆಕ್ಕವೇ ಬೇರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿ ಹಿಡಿದಿತ್ತು. 2025ರಲ್ಲಿ ಆ ವಿಷಯ ಮತ್ತೆ ಕೋರ್ಟಿಗೆ ಹೋಗಿ ಹೊಸ ಆದೇಶಗಳು ಬಂದಿವೆ. ಖರ್ಚು ಮಾಡೋಕೆ ಮುಂಚೆ ಇವತ್ತಿನ ಸ್ಥಿತಿ ಏನಿದೆ ನೋಡ್ಕೊಳ್ಳಿ.

ಎರಡನೆಯದು ಬ್ರೇಕ್. ಆಯಿಲ್ ಪೂರ್ತಿ ತೆಗೆದು, ಹೊಸದು ಹಾಕಿ, ನಾಲ್ಕೂ ಚಕ್ರದಿಂದ ಗಾಳಿ ಬಿಡಿಸಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಸಲ. ಯಾವ ದರ್ಜೆ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತೆ. ಮುಂದಿನ ಚಕ್ರಗಳಿಗೆ ಹೋಗುವ ರಬ್ಬರ್ ಹೋಸ್ ಇರುತ್ತಲ್ಲ, ಅದನ್ನು ಬಗ್ಗಿಸಿ ನೋಡಿ. ನಮ್ಮದರಲ್ಲಿ ಎಡಗಡೆಯದ್ದು ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು. ಹಿಂದಿನ ಡ್ರಮ್ ಬಿಚ್ಚಿಸಿ, ಒಳಗಡೆ ಒದ್ದೆ ಇದ್ದರೆ ಸಿಲಿಂಡರ್ ಸೋರ್ತಿದೆ ಅಂತ ಅರ್ಥ. ಹ್ಯಾಂಡ್ ಬ್ರೇಕ್ ಎಳೆದು ಸೊಸೈಟಿಯ ರ‍್ಯಾಂಪ್ ಮೇಲೆ ಕಾರು ನಿಲ್ಲುತ್ತಾ ನೋಡಿ.

ಮೂರನೆಯದು ಟೈರು. ನನ್ನ ಟೈರಿನ ಗೀರು ಚೆನ್ನಾಗೇ ಇತ್ತು. ಕಾನೂನು ಕೇಳೋದು ಕನಿಷ್ಠ 1.6 ಮಿಲಿಮೀಟರ್, ನಮ್ಮದು ಅದಕ್ಕಿಂತ ಬಹಳ ಜಾಸ್ತಿ. ನಾನು ಹೆಮ್ಮೆಯಿಂದ ತೋರಿಸಿದೆ. ಮೇಸ್ತ್ರಿ ಟೈರಿನ ಪಕ್ಕದಲ್ಲಿ ಬೆರಳಿಟ್ಟು "ಇದು ಓದ್ರಿ" ಅಂದರು. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ: 2314. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2014ರ 23ನೇ ವಾರ. ಹನ್ನೊಂದು ವರ್ಷದ ಟೈರು! ಕಾರು ಹೆಚ್ಚು ಓಡಿಲ್ಲ, ಹಾಗಾಗಿ ಸವೆದಿಲ್ಲ. ಆದರೆ ರಬ್ಬರಿಗೆ ವಯಸ್ಸಾಗುತ್ತೆ. ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ನೋಡೋಕೆ ಹೇಗೇ ಇದ್ದರೂ ತೆಗೆದುಹಾಕಿ ಅಂತ ಟೈರ್ ತಯಾರಿಸುವವರೇ ಹೇಳ್ತಾರೆ. ಸ್ಟೆಪ್ನಿಯದ್ದೂ ಓದಿ. ನಮ್ಮ ಸ್ಟೆಪ್ನಿ 2010ರದ್ದು, ಒಂದು ಸಲವೂ ನೆಲ ಮುಟ್ಟಿರಲಿಲ್ಲ.

ನಾಲ್ಕನೆಯದು ಸ್ಟೀರಿಂಗ್, ಸಸ್ಪೆನ್ಷನ್. ಕಾರನ್ನು ಎತ್ತಿ, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. 9 ಮತ್ತು 3ರ ಜಾಗದಲ್ಲಿ ಆಡಿದರೆ ಟೈ ರಾಡ್ ಕೊನೆ. ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಗೊತ್ತಿಲ್ಲದಿದ್ದರೆ ಗ್ಯಾರೇಜಿನಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಐದನೆಯದು ತುಕ್ಕು ಮತ್ತು ಸೀಟ್ ಬೆಲ್ಟ್. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಕಂಡ ಗಾಡಿಯಾದರೆ ನೆಲದ ಮ್ಯಾಟ್ ಎತ್ತಿ ನೋಡಲೇಬೇಕು. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಶಬ್ದ ಬಂದರೆ ಸರಿ, ಪೊಳ್ಳು ಬಂದರೆ ಒಳಗೆ ತಿಂದಿದೆ. ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಅಂಚು ಹರಿದಿದೆಯಾ ನೋಡಿ, ಜೋರಾಗಿ ಜಗ್ಗಿದರೆ ಲಾಕ್ ಆಗುತ್ತಾ ನೋಡಿ. ಹಿಂದಿನ ಸೀಟಿನದ್ದೂ ಸೇರಿಸಿ. ನಮ್ಮ ಹಿಂದಿನ ಬೆಲ್ಟಿನ ಬಕಲ್ ಸೀಟಿನ ಸಂದಿಯಲ್ಲಿ ಎಷ್ಟೋ ವರ್ಷದಿಂದ ಹೂತುಹೋಗಿತ್ತು. ಮಗಳು ಕೂರೋ ಜಾಗ ಅದು.

ಆರನೆಯದು ದೀಪ ಮತ್ತು ಗಾಜು. ಒಬ್ಬರು ಹಿಂದೆ ನಿಂತ್ಕೊಳ್ಳಿ, ಇನ್ನೊಬ್ಬರು ಒಂದೊಂದೇ ಒತ್ತಿ: ಬ್ರೇಕ್ ಲೈಟು, ಇಂಡಿಕೇಟರ್, ರಿವರ್ಸ್, ನಂಬರ್ ಪ್ಲೇಟಿನ ಸಣ್ಣ ದೀಪ. ಅದನ್ನು ಎಲ್ಲರೂ ಮರೀತಾರೆ. ಹೆಡ್‌ಲೈಟ್ ಹಳದಿಗಟ್ಟಿದ್ದರೆ ಪಾಲಿಷ್ ಮಾಡಿಸಿ. ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಿದರೆ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಗಾಜಿಗೆ ಕಪ್ಪು ಫಿಲ್ಮ್ ಇದ್ದರೆ ಕಿತ್ತುಹಾಕಿ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಇದ್ದರೆ ಅದನ್ನೂ ತೆಗೆಸಿ. ವೈಪರ್, ನೀರು ಚಿಮ್ಮಿಸೋದು, ಹಾರ್ನ್, ಮೂರೂ ಕನ್ನಡಿ.

ಕೊನೆಗೆ ಹೊಗೆ. ನಮ್ಮದು ಬಿಎಸ್ 3 ಗಾಡಿ. 2010ರಲ್ಲಿ ಬಿಎಸ್ 4 ಬಂದಿದ್ದು ಬೆಂಗಳೂರು, ಪುಣೆಯಂಥ ಕೆಲವು ನಗರಗಳಿಗೆ ಮಾತ್ರ, ಶಿವಮೊಗ್ಗಕ್ಕಲ್ಲ. ಹಾಗಾಗಿ ನಮಗೆ ಪಿಯುಸಿ ಆರು ತಿಂಗಳಿಗೊಮ್ಮೆ, ಬಿಎಸ್ 4ರವರಿಗೆ ವರ್ಷಕ್ಕೊಮ್ಮೆ. ನಮ್ಮಂಥ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 0.5, ಬಿಎಸ್ 4ಕ್ಕೆ 0.3. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಸರಿ ಮಾಡಿಸಿ, ಪರೀಕ್ಷೆಗೆ ಮುಂಚೆ ಹದಿನೈದಿಪ್ಪತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡ್ಕೊಂಡು ಹೋಗಿ. ತಣ್ಣಗಿನ ಎಂಜಿನ್ ಹೆಚ್ಚು ಉಗುಳುತ್ತೆ.

ಒಟ್ಟು ಖರ್ಚು, ಟೈರೂ ಸೇರಿ, ನನಗೆ 27,000 ರೂಪಾಯಿ ಚಿಲ್ಲರೆ ಆಯ್ತು. ಒಂದು ತಪ್ಪನ್ನೂ ಹೇಳಿಬಿಡ್ತೀನಿ. ಇದೆಲ್ಲಕ್ಕಿಂತ ಮೊದಲು ನಾನು ಬಂಪರಿನ ಗೀರಿಗೆ ಪೇಂಟ್ ಹೊಡೆಸಿ, ಸೀಟ್ ಕವರ್ ಬದಲಾಯಿಸಿ ನಾಲ್ಕು ಸಾವಿರ ಕಳೆದಿದ್ದೆ. ತಪಾಸಣೆಯಲ್ಲಿ ಅವೆರಡನ್ನೂ ಯಾರೂ ತಿರುಗಿಯೂ ನೋಡಲಿಲ್ಲ.

ತಪಾಸಣೆಯ ದಿನ

ಸೆಪ್ಟೆಂಬರ್‌ನಲ್ಲಿ ಒಂದು ದಿನ ರಜೆ ಹಾಕಿ ಕಾರು ತಗೊಂಡು ಹೋದೆ. ಸಾಲಿನಲ್ಲಿ ಎರಡು ಗಂಟೆ. ನಮ್ಮ ಸರದಿ ಬಂದಾಗ ಚಾಸಿ ನಂಬರ್ ಹೋಲಿಸಿದರು. ದೀಪ, ಹಾರ್ನ್, ವೈಪರ್ ನೋಡಿದರು. ನಂಬರ್ ಪ್ಲೇಟ್, ಬೆಲ್ಟ್ ನೋಡಿದರು. ಸ್ವಲ್ಪ ದೂರ ಓಡಿಸಿ ಬ್ರೇಕ್ ಹಾಕಿಸಿದರು. ಫೋಟೊ ತೆಗೆದರು. ಇಪ್ಪತ್ತು ನಿಮಿಷ. ಮುಗೀತು. ಪಾಸ್.

ಖುಷಿಯಿಂದ ಹೊರಗೆ ಬಂದೆ. ಟೀ ಕುಡೀತಾ ನಿಂತಾಗ ಒಂದು ವಿಷಯ ಹೊಳೀತು, ಹೊಳೆದ ಮೇಲೆ ಟೀ ರುಚಿಸಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಬ್ರೇಕ್ ಆಯಿಲ್ ಡಬ್ಬಿಯನ್ನು ಯಾರೂ ನೋಡಲಿಲ್ಲ. ಟೈರಿನ ನಾಲ್ಕು ಅಂಕಿ ಯಾರೂ ಓದಲಿಲ್ಲ. ಅಂದರೆ ಆ ಕಷಾಯ, ಆ ಹನ್ನೊಂದು ವರ್ಷದ ಟೈರು ಇಟ್ಕೊಂಡೇ ಬಂದಿದ್ದರೂ ನಮ್ಮ ಕಾರು ಪಾಸಾಗ್ತಾ ಇತ್ತು. ಐದು ವರ್ಷದ ಸರ್ಟಿಫಿಕೇಟ್ ಕೈಲಿ ಹಿಡ್ಕೊಂಡು ನಾನು ಮತ್ತೆ ನವಲೆ ಇಳಿಜಾರಿಗೆ ಹೋಗ್ತಾ ಇದ್ದೆ, ಮೊದಲಿಗಿಂತ ಹೆಚ್ಚು ಧೈರ್ಯದಿಂದ.

ಇದು ತಪಾಸಣೆ ಮಾಡಿದವರ ತಪ್ಪು ಅಂತ ನಾನು ಹೇಳ್ತಿಲ್ಲ. ಈಗ ಯಂತ್ರದಲ್ಲೇ ಪರೀಕ್ಷೆ ಮಾಡುವ ಕೇಂದ್ರಗಳು ಬರ್ತಿವೆ. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಪ್ರತಿ ಬ್ರೇಕಿನ ಬಲ ಅಳೀತಾರೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಸಿಕ್ಕಿಬೀಳುತ್ತೆ. ಒಳ್ಳೇದೇ. ಆದರೆ ನಮ್ಮ ಕಾರಿನ ರೋಗವನ್ನು ಅದೂ ಹಿಡೀತಾ ಇರಲಿಲ್ಲ. ಯಾಕಂದ್ರೆ ಅಲ್ಲಿ ಬ್ರೇಕ್ ತಣ್ಣಗಿರುತ್ತೆ. ಹಳೇ ಆಯಿಲ್ ಮೋಸ ಮಾಡೋದು ಬಿಸಿಯಾದಾಗ, ಇಳಿಜಾರಿನಲ್ಲಿ, ಕಾರು ತುಂಬಿರುವಾಗ.

ನಮಗೆ ಇದು ಹೊಸ ವಿಷಯ ಏನಲ್ಲ. ಟೆಸ್ಟ್ ಎಲ್ಲ ಹಸಿರು ಅಂದ ಮಾತ್ರಕ್ಕೆ ಪ್ರೊಡಕ್ಷನ್‌ನಲ್ಲಿ ಬೀಳಲ್ಲ ಅಂತ ನಾವ್ಯಾರೂ ನಂಬಲ್ಲ. ಆಫೀಸಿನಲ್ಲಿ ನಂಬಲ್ಲ, ಮನೆಯ ಕಾರಿನ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ನಂಬ್ತೀವಿ. ನಮ್ಮನ್ನು ಉಳಿಸಿದ್ದು ಆ ಇಪ್ಪತ್ತು ನಿಮಿಷ ಅಲ್ಲ. ಅದಕ್ಕೆ ತಯಾರಿ ಅಂತ ಕಾರಿನ ಪಕ್ಕ ನಿಂತ ಆ ಎರಡು ಶನಿವಾರ. ಏಜೆಂಟ್ ನನಗೆ ಉಳಿಸಿಕೊಡ್ತೀನಿ ಅಂದಿದ್ದು ಅದನ್ನೇ. ಅವನು ಚಾಸಿ ನಂಬರಿನ ಫೋಟೊ ಕೇಳದೇ ಇದ್ದಿದ್ದರೆ ನಾನು ಬಾನೆಟ್ ಎತ್ತುತ್ತಲೇ ಇರಲಿಲ್ಲ.

ನಿಂಬೆಹಣ್ಣು ಇಡುವಾಗ

ಹಾಗಾದ್ರೆ ಏನು ಮಾಡೋಣ? ಸರ್ಕಾರ ವರ್ಷಕ್ಕೊಂದು ತಪಾಸಣೆ ಕಡ್ಡಾಯ ಮಾಡಲಿ ಅಂತ ಕಾಯೋಣವಾ? ಬೇಡ. ನಮ್ಮ ಹತ್ತಿರ ವರ್ಷಕ್ಕೊಂದು ದಿನ ಆಗಲೇ ಇದೆ. ಆಯುಧ ಪೂಜೆ.

ಯೋಚನೆ ಮಾಡಿ. ವರ್ಷಕ್ಕೊಂದು ದಿನ ನಾವು ಎಲ್ಲೇ ಇರಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕಾರನ್ನು ತಪ್ಪದೇ ತೊಳೀತೀವಿ. ಬಾನೆಟ್ಟಿಗೆ ಕುಂಕುಮ, ಚೆಂಡುಹೂವಿನ ಹಾರ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಇಡೋಕೆ ಅಂತ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂರ್ತೀವಿ. ಆ ನಾಲ್ಕು ಅಂಕಿ ಕಣ್ಣಿಗೆ ಒಂದು ಅಡಿ ದೂರದಲ್ಲಿರುತ್ತೆ. ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ನಿಂಬೆಹಣ್ಣು ಇಟ್ಟಿದ್ದೀವಿ, ಒಬ್ಬರೂ ಅದನ್ನು ಓದಿರಲಿಲ್ಲ.

2025ರ ಆಯುಧ ಪೂಜೆ ಅಕ್ಟೋಬರ್ 1ಕ್ಕೆ ಬಂದಿತ್ತು. ಅಪ್ಪ ಅಮ್ಮ ಪುಣೆಗೇ ಬಂದಿದ್ದರು. ಈ ಸಲ ಪೂಜೆಗೆ ಮುಂಚೆ ಬಾನೆಟ್ ಎತ್ತಿ ಮಗಳಿಗೆ ಬ್ರೇಕ್ ಆಯಿಲ್ ಡಬ್ಬಿ ತೋರಿಸಿದೆ. "ಜೇನುತುಪ್ಪ" ಅಂದಳು. ಟೈರಿನ ಅಂಕಿ ಅವಳೇ ಓದಿದಳು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದರು, ಈಗ ಅವರಿಗೆ ಅಷ್ಟು ಸಣ್ಣದು ಕಾಣಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಾನು ಓಡಿಸುವಾಗಲೂ ಹಾಗೇ ಇತ್ತೇನೋ?"

"ಆಗ ಹೊಸದಿತ್ತು ಬಿಡಿ" ಅಂದೆ. ಪೂರ್ತಿ ನಿಜ ಅಲ್ಲ ಅದು. ಅವರಿಗೂ ಗೊತ್ತಿತ್ತು.

ನಿಮಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಆಯುಧ ಪೂಜೆಗೆ ಕಾಯಬೇಡಿ, ಈ ಶನಿವಾರವೇ ಕೆಳಗೆ ಹೋಗಿ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಬಣ್ಣ ನೋಡಿ. ಐದೂ ಟೈರಿನ ಅಂಕಿ ಓದಿ. ಹಿಂದಿನ ಸೀಟಿನ ಬೆಲ್ಟ್ ಎಳೆದು ನೋಡಿ. ಹತ್ತು ನಿಮಿಷದ ಕೆಲಸ. ಊರಿಂದ ವಾಪಸ್ ಬರುವಾಗ ಕಾತ್ರಜ್ ಸುರಂಗ ದಾಟಿದ ತಕ್ಷಣ ಮೂರನೇ ಗೇರಿಗೆ ಹಾಕ್ಕೊಳ್ಳಿ, ಇಳಿಜಾರಿನ ಭಾರ ಬ್ರೇಕಿಗಿಂತ ಎಂಜಿನ್ ಹೊರಲಿ. ಮತ್ತೆ ಯಾವತ್ತಾದರೂ ಪೆಡಲ್ ಮೆತ್ತಗಾದರೆ, ಮಾರನೇ ದಿನ ಸರಿಯಾಯ್ತು ಅಂತ ಆ ಟಿಕೆಟ್ ಕ್ಲೋಸ್ ಮಾಡಬೇಡಿ.